ಬಿಸಿ 547 ಬಿಸಿಯಾಗಬಾರದು: ಕಾಫಿ ಕಣಕ್ಕೊಂದು ಮಳೆ ಸೈರನ್

ಕೊಡಗಿನ ಸಿದ್ದಾಪುರ–ಚೆಟ್ಟಳ್ಳಿ ನಡುವಿನ ಒಂದು ರೊಬಸ್ಟಾ ಕಾಫಿ ತೋಟದ ಕಣಕ್ಕೆ ಜನವರಿಯಿಂದ ಮಾರ್ಚ್‌ವರೆಗೆ ಕಟ್ಟಿದ, ಕೆಡಿಸಿದ, ಮತ್ತೆ ಕಟ್ಟಿದ ಮಳೆ ಸೈರನ್‌ನ ಲೆಕ್ಕ ಇದು. ಆಗಬೇಕಾದದ್ದು ಇಷ್ಟೇ: ಕಣದಲ್ಲಿ ಒಣಗಲು ಹರಡಿದ ಚೆರಿ (ಕಾಫಿ ಹಣ್ಣು) ಮೇಲೆ ನಾಲ್ಕು ಹನಿ ಬಿದ್ದ ಕೂಡಲೇ ಸೈರನ್ ಕೂಗಬೇಕು, ಕೊಯ್ಲಿನಲ್ಲಿರುವವರು ಬಂದು ಟಾರ್ಪಾಲು ಎಳೆಯಬೇಕು. ಹಗಲು ಹೊತ್ತು ಎಲ್ಲರೂ ತೋಟದೊಳಗೇ ಇರುವುದರಿಂದ ಕಣದ ಬಳಿ ಹೆಚ್ಚಾಗಿ ಯಾರೂ ಇರುವುದಿಲ್ಲ. ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗಾಗಿ ತೋಟ ಕಾಯುತ್ತಿರುತ್ತದೆ. ಅದೇ ಮಳೆ ಹತ್ತು ದಿನ ಒಣಗಿದ ಚೆರಿ ಮೇಲೆ ಬಿದ್ದರೆ ಬೂಷ್ಟು.

ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಬಳಸಿಲ್ಲ. ಎರಡು ಟ್ರಾನ್ಸಿಸ್ಟರ್ (ಬೇಸ್ ಎಂಬ ಕಾಲಿಗೆ ಸಿಕ್ಕ ಸಣ್ಣ ಕರೆಂಟಿನಿಂದ ಕಲೆಕ್ಟರ್, ಎಮಿಟರ್ ಎಂಬ ಉಳಿದೆರಡು ಕಾಲಿನ ನಡುವೆ ದೊಡ್ಡ ಕರೆಂಟ್ ಹರಿಸುವ ಭಾಗ), ಒಂದು ರಿಲೇ (ಕಾಯಿಲ್‌ಗೆ ಕರೆಂಟ್ ಸಿಕ್ಕರೆ ಆನ್ ಆಗುವ ಸ್ವಿಚ್), ಅಷ್ಟೇ. ಮಳೆ ಇಲ್ಲದಾಗ ಈ ಸರ್ಕ್ಯೂಟ್ ಬ್ಯಾಟರಿಯಿಂದ ಎಳೆಯುವ ಕರೆಂಟನ್ನು ಸಾಮಾನ್ಯ ಮಲ್ಟಿಮೀಟರ್ ತೋರಿಸುವುದೂ ಕಷ್ಟ. ಕೆಟ್ಟರೆ ಐದು ರೂಪಾಯಿಯ ಬಿಡಿಭಾಗ, ಸೋಲ್ಡರಿಂಗ್ ಐರನ್ ಹಿಡಿಯಲು ಬರುವ ಯಾರಾದರೂ ಬದಲಿಸಬಹುದು.

ಜನವರಿ 5: ಕಾಲು ಗುರುತಿಸುವುದು

ಮೈಸೂರಿನಿಂದ ತರಿಸಿದ್ದು ಐದು ಬಿಸಿ 547, ಮೂರು ಬಿಸಿ 337. ಎರಡೂ (BC547, BC337) ಎನ್‌ಪಿಎನ್ ಬಗೆಯ ಟ್ರಾನ್ಸಿಸ್ಟರ್, ಅಂದರೆ ಬೇಸಿಗೆ ಪ್ಲಸ್ ಸಿಕ್ಕರೆ ಆನ್ ಆಗುವಂಥವು. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಬರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಹಳೆಯ ಡಬ್ಬಿಯಲ್ಲಿ ಸಿಗುವ 2ಎನ್3904 ಎಂಬ ಇನ್ನೊಂದು ಟ್ರಾನ್ಸಿಸ್ಟರ್ ಇದಕ್ಕೆ ಸರಿಯಾಗಿ ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಮೂರೂ ನೋಡಲು ಒಂದೇ ಥರ. ಅದಕ್ಕೇ ಹಾಕುವ ಮುನ್ನ ಮೀಟರ್‌ನ ಡಯೋಡ್ ಸ್ಥಾನದಲ್ಲಿ ನೋಡಲೇಬೇಕು. ಕೆಂಪು ತಂತಿ ಬೇಸಿಗೆ ಇಟ್ಟು ಕಪ್ಪು ತಂತಿಯನ್ನು ಉಳಿದೆರಡು ಕಾಲಿಗೆ ತಾಗಿಸಿದರೆ ಎರಡೂ ಕಡೆ 0.6ರಿಂದ 0.7 ಬರಬೇಕು. ಎರಡರಲ್ಲಿ ಸ್ವಲ್ಪ ಹೆಚ್ಚು ತೋರಿಸಿದ ಕಾಲು ಎಮಿಟರ್. ವ್ಯತ್ಯಾಸ ಕೆಲವೇ ಮಿಲಿವೋಲ್ಟ್, ಆದ್ದರಿಂದ ಬೆರಳ ಬಿಸಿ ತಾಗದಂತೆ ಕ್ಲಿಪ್‌ನಲ್ಲಿ ಹಿಡಿದು ಓದಬೇಕು. ಕಲೆಕ್ಟರ್–ಎಮಿಟರ್ ನಡುವೆ ಯಾವ ಕಡೆಯಿಂದ ಅಳೆದರೂ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಅದು ಸತ್ತಿದೆ.

ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಪೂರ್ತಿ ಕೆಲಸ ನಿಲ್ಲಿಸುವುದಿಲ್ಲ, ಅದೇ ತೊಂದರೆ. ಕಲೆಕ್ಟರ್, ಎಮಿಟರ್ ಅದಲುಬದಲಾದರೆ ಗೇನ್ (ಬೇಸ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) ನೂರಾರರಿಂದ ಕೆಲವೇ ಅಂಕಿಗೆ ಇಳಿಯುತ್ತದೆ. ಜೊತೆಗೆ ಬೇಸ್–ಎಮಿಟರ್ ಸಂಧಿ ಹಿಮ್ಮುಖವಾಗಿ ತಡೆಯುವುದು ಬಿಸಿ 547ರಲ್ಲಿ 6 ವೋಲ್ಟ್ ಮಾತ್ರ. 12 ವೋಲ್ಟ್‌ನ ಸರ್ಕ್ಯೂಟಿನಲ್ಲಿ ಅದು ಸೋರತೊಡಗುತ್ತದೆ. ರಿಲೇ ಅರೆಬರೆ ಮಿಡಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಜನವರಿ 7: ಒಂದೇ ಟ್ರಾನ್ಸಿಸ್ಟರ್, ನಲ್ಲಿ ನೀರಿನ ಮೋಸ

ಮೊದಲ ಜೋಡಣೆ: ವೆರೋಬೋರ್ಡಿನ (ಉದ್ದಕ್ಕೂ ತಾಮ್ರದ ಪಟ್ಟಿಗಳಿರುವ ಹಲಗೆ) 10 × 7 ಸೆಂ.ಮೀ. ತುಂಡಿನಲ್ಲಿ ಒಂದು ಬಿಟ್ಟು ಒಂದು ತಾಮ್ರದ ಪಟ್ಟಿಯನ್ನು ಸೇರಿಸಿ ಎರಡು ಗುಂಪು. ಮಳೆ ಹನಿ ಬೀಳಬೇಕಾದದ್ದು ಈ ಪಟ್ಟಿಯ ಮೇಲೆ, ಹನಿ ಎರಡೂ ಗುಂಪನ್ನು ಸೇರಿಸಿದಾಗ ಕರೆಂಟ್ ಹರಿಯುತ್ತದೆ. ಒಂದು ಗುಂಪು 10 ಕಿಲೋ ಓಮ್‌ನ ರೋಧದ (ರೆಸಿಸ್ಟರ್) ಮೂಲಕ ಪ್ಲಸ್ಸಿಗೆ, ಇನ್ನೊಂದು ನೇರ ಬೇಸಿಗೆ. ಎಮಿಟರ್ ಮೈನಸ್ಸಿಗೆ. ಕಲೆಕ್ಟರ್ ಮತ್ತು ಪ್ಲಸ್ ನಡುವೆ ರಿಲೇ ಕಾಯಿಲ್. ರಿಲೇ 12 ವೋಲ್ಟ್‌ನ ಸಣ್ಣ ಚೌಕದ್ದು, ಕಾಯಿಲ್ 400 ಓಮ್, ಬ್ಯಾಟರಿ 12.6 ವೋಲ್ಟ್ ಇದ್ದಾಗ 31.5 ಮಿಲಿ ಆಂಪ್. ಆ 10 ಕಿಲೋ ಓಮ್ ಬಿಡುವ ಹಾಗಿಲ್ಲ. ಪಟ್ಟಿಗಳ ನಡುವೆ ತಂತಿಯೋ ಸೋಲ್ಡರ್ ಹನಿಯೋ ಅಡ್ಡ ಬಿದ್ದರೆ ಬೇಸಿಗೆ ಪೂರ್ತಿ ಬ್ಯಾಟರಿ ಸಿಕ್ಕಿ ಟ್ರಾನ್ಸಿಸ್ಟರ್ ಆ ಕ್ಷಣವೇ ಹೋಗುತ್ತದೆ.

ಮೇಜಿನ ಮೇಲೆ ಬೋರ್‌ವೆಲ್ ನೀರು ಚಿಮುಕಿಸಿದಾಗ ರಿಲೇ ಟಕ್ ಎಂದಿತು. ಕೆಲಸ ಮುಗಿಯಿತು ಎಂದುಕೊಂಡದ್ದು ಇಡೀ ಕೆಲಸದಲ್ಲಿ ಆದ ದೊಡ್ಡ ತಪ್ಪು. ಪಾತ್ರೆಯಲ್ಲಿ ಹಿಡಿದಿಟ್ಟಿದ್ದ ಮಳೆನೀರಿನ ಎರಡು ಹನಿ ಹಾಕಿದರೆ ಸದ್ದೇ ಇಲ್ಲ. ಮೀಟರಿನಲ್ಲಿ ನೋಡಿದರೆ ಬೋರ್‌ವೆಲ್ ಹನಿ ಸುಮಾರು 35 ಕಿಲೋ ಓಮ್, ಮಳೆ ಹನಿ 400 ಕಿಲೋ ಓಮ್. ಕೊಡಗಿನ ಮಳೆನೀರಿನಲ್ಲಿ ಉಪ್ಪಿನಂಶ ಬಲು ಕಡಿಮೆ, ಅದು ವಿದ್ಯುತ್ತನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. (ನೀರಿನ ರೋಧ ಅಳೆಯುವಾಗ ಮೀಟರಿನ ಅಂಕಿ ಓಡುತ್ತಲೇ ಇರುತ್ತದೆ. ತಾಗಿಸಿದ ಮೊದಲ ಎರಡು ಸೆಕೆಂಡಿನ ಅಂಕಿಯನ್ನೇ ಹಿಡಿಯಬೇಕು.)

ಲೆಕ್ಕ ನೋಡಿ. 12.6ರಲ್ಲಿ ಬೇಸ್–ಎಮಿಟರ್‌ನ 0.7 ಕಳೆದರೆ 11.9 ವೋಲ್ಟ್. ಅದನ್ನು 410 ಕಿಲೋ ಓಮ್‌ನಿಂದ ಭಾಗಿಸಿದರೆ 29 ಮೈಕ್ರೋ ಆಂಪ್. ಈ ಬಿಸಿ 547ಬಿ ತುಂಡಿನ ಗೇನ್ ಮೀಟರಿನಲ್ಲಿ 290. ಗುಣಿಸಿದರೆ ಕಲೆಕ್ಟರಿನಲ್ಲಿ 8.4 ಮಿಲಿ ಆಂಪ್, ಅಂದರೆ ಕಾಯಿಲ್‌ಗೆ ಸಿಕ್ಕಿದ್ದು 3.4 ವೋಲ್ಟ್. ರಿಲೇ ಎಳೆಯಲು, ಅಂದರೆ ಆನ್ ಆಗಲು, 9 ವೋಲ್ಟ್ ಬೇಕು.

ಗೇನ್ ಹೆಚ್ಚಿರುವ ಸಿ ಗುಂಪಿನದು ಹುಡುಕಿ ಹಾಕಿದರೆ ಆಗದೇ ಎಂದು ಕೇಳಬಹುದು. ಬಿ ಗುಂಪಿನಲ್ಲಿ ಗೇನ್ 200ರಿಂದ 450, ಸಿಯಲ್ಲಿ 420ರಿಂದ 800, ತುಂಡಿನಿಂದ ತುಂಡಿಗೆ ಬೇರೆ. ಒಂದು ತುಂಡಿನ ಗೇನ್ ನಂಬಿ ಕಟ್ಟಿದ್ದು ಮುಂದಿನ ವರ್ಷ ಬೇರೆ ತುಂಡು ಹಾಕಿದಾಗ ಕೈಕೊಡುತ್ತದೆ. ಸ್ವಿಚ್ಚಾಗಿ ಬಳಸುವಾಗ ರೂಢಿ ಏನೆಂದರೆ ಕಲೆಕ್ಟರ್ ಕರೆಂಟಿನ ಹತ್ತರಲ್ಲೊಂದು ಪಾಲನ್ನು ಬೇಸಿಗೆ ಕೊಡುವುದು. 31 ಮಿಲಿ ಆಂಪ್‌ಗೆ 3 ಮಿಲಿ ಆಂಪ್. ಮಳೆ ಹನಿಯಿಂದ ಅಷ್ಟು ಎಲ್ಲಿಂದ ಬರಬೇಕು?

ಜನವರಿ 12: ಎರಡನೆಯ ಟ್ರಾನ್ಸಿಸ್ಟರ್

ಉತ್ತರ ಡಾರ್ಲಿಂಗ್ಟನ್ ಜೋಡಿ. ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ, ಎರಡರ ಕಲೆಕ್ಟರೂ ಒಟ್ಟಾಗಿ ಕಾಯಿಲ್‌ನ ಕೆಳತುದಿಗೆ. ಎರಡು ಗೇನ್ ಗುಣಾಕಾರವಾಗುವುದರಿಂದ 31 ಮಿಲಿ ಆಂಪ್‌ಗೆ ಒಂದು ಮೈಕ್ರೋ ಆಂಪ್‌ನಷ್ಟು ಸಾಕು. ಇದಕ್ಕೆ ತೆರುವ ಬೆಲೆ ಎರಡು. ಬೇಸಿನಲ್ಲಿ 0.7 ಅಲ್ಲ, ಸುಮಾರು 1.25 ವೋಲ್ಟ್ ಬಂದ ಮೇಲೆಯೇ ಆನ್ ಆಗುತ್ತದೆ. ಆನ್ ಆದಾಗಲೂ ಕಲೆಕ್ಟರಿನಲ್ಲಿ 0.8 ವೋಲ್ಟ್ ಉಳಿಯುತ್ತದೆ, ಒಂಟಿ ಟ್ರಾನ್ಸಿಸ್ಟರಿನಂತೆ 0.1–0.2ಕ್ಕೆ ಇಳಿಯುವುದಿಲ್ಲ. ರಿಲೇಗೆ 11.8 ಸಿಕ್ಕರೆ ಧಾರಾಳ, ಹಾಗಾಗಿ ಚಿಂತೆ ಇಲ್ಲ.

ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಬಿಳಿ ಗೆರೆ ಇರುವ ತುದಿ ಪ್ಲಸ್ಸಿಗೆ. ಇಲ್ಲಿ ಅವಸರದಲ್ಲಿ ಉಲ್ಟಾ ಹಾಕಲಾಯಿತು. ನೀರು ಮುಟ್ಟಿಸಿದ ತಕ್ಷಣ ಡಯೋಡ್ ಮೂಲಕ ಬ್ಯಾಟರಿ ನೇರ ಟ್ರಾನ್ಸಿಸ್ಟರಿಗೆ ಹರಿದು ಎರಡನೆಯ ಬಿಸಿ 547 ಪಟ್ ಎಂದು ಸೀಳಿತು, ವಾಸನೆ ಅರ್ಧ ಗಂಟೆ ಹೋಗಲಿಲ್ಲ. 7 ಆಂಪ್-ಅವರ್ ಬ್ಯಾಟರಿ ಸಣ್ಣದೆಂದು ಕಾಣಬಾರದು, ಶಾರ್ಟ್ ಆದರೆ ಹತ್ತಾರು ಆಂಪ್ ಕೊಡುತ್ತದೆ. ಅದೇ ದಿನ ಪ್ಲಸ್ ತಂತಿಗೆ 500 ಮಿಲಿ ಆಂಪ್ ಫ್ಯೂಸ್ ಹಾಕಿದ್ದು, ಮೊದಲೇ ಹಾಕಬೇಕಿತ್ತು. ಡಯೋಡ್ ಇಲ್ಲದೆಯೂ ನಡೆಸಬಾರದು. ರಿಲೇ ಆಫ್ ಆಗುವಾಗ ಕಾಯಿಲ್ ಹೊರಹಾಕುವ ವೋಲ್ಟೇಜ್ ಬಿಸಿ 547 ತಡೆಯುವ 45 ವೋಲ್ಟನ್ನು ಸುಲಭವಾಗಿ ದಾಟುತ್ತದೆ. ಒಂದೇ ಸಲಕ್ಕೆ ಸಾಯುವುದಿಲ್ಲ, ಹತ್ತಿಪ್ಪತ್ತು ಸಲ ಬಡಿಸಿಕೊಂಡು ಮಳೆ ಬರುವ ದಿನವೇ ಸಾಯುತ್ತದೆ.

ಮೊದಲ ಬೇಸಿನಿಂದ ಮೈನಸ್ಸಿಗೆ 100 ಕಿಲೋ ಓಮ್ ರೋಧ ಹಾಕಿತ್ತು. ಬೇಸ್ ತೆರೆದಿದ್ದರೆ ಮೊದಲ ಟ್ರಾನ್ಸಿಸ್ಟರಿನ ಸೋರಿಕೆಯೇ ಎರಡು ಬಾರಿ ಗುಣಾಕಾರವಾಗುತ್ತದೆ, ಬಿಸಿಲೇರಿದಂತೆ ಇನ್ನೂ ಹೆಚ್ಚುತ್ತದೆ.

ಜನವರಿ 16ರಿಂದ 22: ಇಬ್ಬನಿ

ಕಣದ ಕಂಬಕ್ಕೆ ಏರಿಸಿದ ಮರುದಿನ ಬೆಳಗಿನ ಜಾವ ಐದೂವರೆಗೆ ಸೈರನ್ ಕೂಗಿತು. ಲೈನ್ ಮನೆಯವರೆಲ್ಲ (ಸಾಲುಮನೆಯ ತೋಟದ ಕೆಲಸಗಾರರು) ಎದ್ದು ಬಂದರು. ಆಕಾಶದಲ್ಲಿ ನಕ್ಷತ್ರ. ಪಟ್ಟಿಯ ಮೇಲೆ ಇಬ್ಬನಿ. ಸತತ ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ರೈಟರ್ (ತೋಟದ ಲೆಕ್ಕ ನೋಡುವವರು) ಸ್ವಿಚ್ ಆಫ್ ಮಾಡಿ ಮಲಗಿದರು, ಅವರ ತಪ್ಪೇನೂ ಇಲ್ಲ. ಸುಳ್ಳು ಕೂಗುವ ಸೈರನ್ ಇಲ್ಲದಿರುವುದೇ ಮೇಲು.

100 ಕಿಲೋ ಓಮ್ ಇದ್ದಾಗ ಬೇಸಿನಲ್ಲಿ 1.25 ವೋಲ್ಟ್ ಬರಲು 12.5 ಮೈಕ್ರೋ ಆಂಪ್ ಸಾಕು, ಅಂದರೆ ಪಟ್ಟಿಯ ರೋಧ 900 ಕಿಲೋ ಓಮ್‌ಗಿಂತ ಇಳಿದರೆ ಕೂಗು. ಇಬ್ಬನಿಯ ಪಟ್ಟಿ ಅಳೆದಾಗ ಬಂದದ್ದು 300 ಕಿಲೋ ಓಮ್. ಬೇಸಿನ ಆ 100 ಕಿಲೋ ಓಮ್ ರೋಧವನ್ನು 22 ಕಿಲೋ ಓಮ್‌ಗೆ ಬದಲಿಸಿದರೆ 57 ಮೈಕ್ರೋ ಆಂಪ್ ಬೇಕಾಗುತ್ತದೆ, ಗಡಿ 190 ಕಿಲೋ ಓಮ್‌ಗೆ ಇಳಿಯುತ್ತದೆ. ಒಂದು ಹನಿಗೆ ಕೂಗುವುದಿಲ್ಲ, ಮೂರು ಹನಿ ಬಿದ್ದರೆ ಕೂಗುತ್ತದೆ. ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಈ ಒಂದು ರೂಪಾಯಿಯ ರೋಧವೇ.

ಆದರೂ ದಟ್ಟ ಮಂಜಿನ ಒಂದು ಬೆಳಿಗ್ಗೆ ಪಟ್ಟಿ 120 ಕಿಲೋ ಓಮ್ ತೋರಿಸಿತು. ಇನ್ನೂ ಕೆಳಗಿಳಿಸಿದರೆ ತುಂತುರು ತಪ್ಪಿಹೋಗುತ್ತದೆ. ಆದ್ದರಿಂದ ಪಟ್ಟಿಯನ್ನೇ ಬೆಚ್ಚಗಿಡುವ ದಾರಿ: ಕೆಳಗೆ ತೆಳು ಅಲ್ಯೂಮಿನಿಯಂ ತಗಡು, ಅದಕ್ಕೆ 330 ಓಮ್, 1 ವ್ಯಾಟ್‌ನ ಎರಡು ರೆಸಿಸ್ಟರ್ ಸಮಾಂತರ. ಒಂದೊಂದೂ ಅರ್ಧ ವ್ಯಾಟಿಗಿಂತ ಕಡಿಮೆ ಉರಿಸುತ್ತದೆ, ಕೈಗೆ ಉಗುರುಬೆಚ್ಚಗೆ. ಇದಕ್ಕೆ ಕರೆಂಟ್ ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿನಿಂದ, ಬ್ಯಾಟರಿಯಿಂದ ಅಲ್ಲ. ಬ್ಯಾಟರಿಗೆ ಕಟ್ಟಿದ್ದರೆ 73 ಮಿಲಿ ಆಂಪ್ ಲೆಕ್ಕದಲ್ಲಿ ಕರೆಂಟಿಲ್ಲದ ನಾಲ್ಕೇ ದಿನಕ್ಕೆ 7 ಆಂಪ್-ಅವರ್ ಮುಗಿಯುತ್ತಿತ್ತು. ಈಗ ಕರೆಂಟ್ ಹೋದರೆ ಬೆಚ್ಚಗಾಗುವುದು ತಾನೇ ನಿಲ್ಲುತ್ತದೆ, ಸೈರನ್ ಮಾತ್ರ ಬದುಕಿರುತ್ತದೆ. ಮಳೆ ನಿಂತ ಮೇಲೆ ಪಟ್ಟಿ ಬೇಗ ಒಣಗುವುದು ಲಾಭ.

ಫೆಬ್ರವರಿ 2: ತಾಮ್ರ ಹಸಿರಾಯಿತು

ಮೂರನೆಯ ವಾರಕ್ಕೆ ಪ್ಲಸ್ ಕಡೆಯ ತಾಮ್ರದ ಪಟ್ಟಿಗಳು ಹಸಿರು ಹಿಡಿದು ಕರಗತೊಡಗಿದವು, ಮೈನಸ್ ಕಡೆಯವು ಹಾಗೇ ಇದ್ದವು. ತೇವದಲ್ಲಿ ಒಂದೇ ದಿಕ್ಕಿನ ಕರೆಂಟ್ ಹರಿದರೆ ಹೀಗೆಯೇ ಆಗುತ್ತದೆ. ಮೇಲೆ ಸೋಲ್ಡರ್ ಬಳಿದರೆ ಕೆಲವು ದಿನ ಮುಂದೂಡಬಹುದು, ಅಷ್ಟೇ.

ಬದಲಿಗೆ ಸೈಕಲ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಪೋಕ್ಸ್ ಕಡ್ಡಿ ನಾಲ್ಕು. ಕೊಳ್ಳುವಾಗ ಅಯಸ್ಕಾಂತ ಒಯ್ಯಬೇಕು: ಗಟ್ಟಿಯಾಗಿ ಅಂಟಿದರೆ ಸತುವಿನ ಲೇಪದ ಕಬ್ಬಿಣ, ಬೇಡ. 10 ಸೆಂ.ಮೀ.ಯ ಎಂಟು ತುಂಡು, 2 ಮಿ.ಮೀ. ಅಂತರದಲ್ಲಿ, ಆಕ್ರಿಲಿಕ್ ಹಲಗೆಯ ಮೇಲೆ. ಇನ್ನು ಮುಂದೆ ಪಟ್ಟಿ ಎಂದರೆ ಇದೇ. ಸ್ಟೀಲಿಗೆ ಮಾಮೂಲಿ ಫ್ಲಕ್ಸಿನಿಂದ ಸೋಲ್ಡರ್ ಹಿಡಿಯುವುದಿಲ್ಲ, ಅರ್ಧ ಗಂಟೆ ಹೆಣಗಿ ಬಿಟ್ಟದ್ದಾಯಿತು. ಕಡ್ಡಿಯ ತುದಿಯನ್ನು ಬಗ್ಗಿಸಿ ಎಂ3 ಸ್ಕ್ರೂ, ವಾಷರ್ ನಡುವೆ ತಂತಿಯ ಜೊತೆ ಬಿಗಿದರೆ ಸಾಕು.

ಇಲ್ಲೂ ಒಂದು ತಪ್ಪು. ಕಡ್ಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಕೂರಿಸಿದ್ದರಿಂದ ನಡುವಿನ ಸಂದುಗಳು ಗದ್ದೆಯ ಬದುವಿನ ಹಾಗೆ ನೀರು ಹಿಡಿದಿಟ್ಟವು. ಕೊಡದಲ್ಲಿ ನೀರು ಹುಯ್ದು ನೋಡಿದಾಗ ಸೈರನ್ ಒಂದು ಗಂಟೆಯಾದರೂ ನಿಲ್ಲಲಿಲ್ಲ. ಹಲಗೆಯನ್ನು ಕಾಲು ಸುತ್ತು ತಿರುಗಿಸಿ ಸಂದುಗಳು ಇಳಿಜಾರಿನ ಉದ್ದಕ್ಕೆ ಬರುವಂತೆ ಮಾಡಿ, ಓರೆಯನ್ನು 40 ಡಿಗ್ರಿಗೆ ಏರಿಸಿದ ಮೇಲೆ ಐದಾರು ನಿಮಿಷಕ್ಕೆ ಒಣಗುತ್ತದೆ.

ಫೆಬ್ರವರಿ 9: ಜೀಪಿನ ಹಾರ್ನ್

ಸೈರನ್ ಸದ್ದು ತೋಟದ ಕೆಳಗಿನ ತುದಿಗೆ ಕೇಳುತ್ತಿಲ್ಲ ಎಂಬ ದೂರಿಗೆ, ಜೀಪಿನ ಹಾರ್ನ್ ಮತ್ತು ಅದರ ರಿಲೇ ಹಾಕಿ ನೋಡಿದ್ದು. ಈ ರಿಲೇ ಕಾಯಿಲ್ 88 ಓಮ್, ಸುಮಾರು 140 ಮಿಲಿ ಆಂಪ್ ಬೇಡುತ್ತದೆ. ಬಿಸಿ 547ರ ಮಿತಿ 100. ರಿಲೇ ಎಳೆಯಿತು, ಹಾರ್ನೂ ಕೂಗಿತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬೆರಳಿಟ್ಟರೆ ಚುರುಕ್ಕೆನ್ನುವ ಬಿಸಿ. ಕಲೆಕ್ಟರಿನಲ್ಲಿ 2.1 ವೋಲ್ಟ್ ಉಳಿದಿತ್ತು, ಕಾಯಿಲ್‌ನಲ್ಲಿ 119 ಮಿಲಿ ಆಂಪ್, ಗುಣಿಸಿದರೆ ಕಾಲು ವ್ಯಾಟ್. ಈ ಪುಟ್ಟ ಪ್ಲಾಸ್ಟಿಕ್ ಮೈಯಲ್ಲಿ ಒಂದು ವ್ಯಾಟಿಗೆ ಸುಮಾರು 250 ಡಿಗ್ರಿ ಏರುತ್ತದೆ, ಕಾಲು ವ್ಯಾಟಿಗೆ 60 ಡಿಗ್ರಿಗೂ ಮೇಲೆ. ಹತ್ತು ನಿಮಿಷಕ್ಕೆ ಸತ್ತಿತು, ಸತ್ತ ಮೇಲೂ ಶಾರ್ಟ್ ಆಗಿ ಹಾರ್ನ್ ಕೂಗುತ್ತಲೇ ಇತ್ತು. ಹೆಸರು ಬಿಸಿ ಎಂದಿದ್ದರೂ, ಸ್ವಿಚ್ಚಾಗಿ ಸರಿಯಾಗಿ ಕೆಲಸ ಮಾಡುವ ಬಿಸಿ 547 ತಣ್ಣಗೇ ಇರಬೇಕು.

ಎರಡನೆಯ ಸ್ಥಾನಕ್ಕೆ ಬಿಸಿ 337 ಬಂದಿತು, ಮಿತಿ 800 ಮಿಲಿ ಆಂಪ್, ಕಾಲುಗಳ ಕ್ರಮ ಅದೇ. ಹಾರ್ನ್ ಮಾತ್ರ ಕೈಬಿಟ್ಟದ್ದು: ನಾಲ್ಕೈದು ಆಂಪ್ ಎಳೆಯುವುದನ್ನು ಈ ಬ್ಯಾಟರಿಯಲ್ಲಿ ಮಳೆ ನಿಲ್ಲುವ ತನಕ ಕೂಗಿಸುವುದು ಆಗದ ಮಾತು. ಚೌಕದ ರಿಲೇಯೇ ವಾಪಸ್ ಬಂದಿತು, ಪೀಜೋ ಸೈರನ್ (200 ಮಿಲಿ ಆಂಪ್) ಕಣದಿಂದ 40 ಮೀಟರ್ ದೂರದ ದಿಣ್ಣೆಯ ಮರಕ್ಕೆ ಹೋಯಿತು.

ಆ 40 ಮೀಟರ್ ತಂತಿಯನ್ನು ಎಲ್ಲಿ ಹಾಕುವುದು ಎಂಬುದು ಮುಖ್ಯ. ಮೊದಲು ಸರ್ಕ್ಯೂಟನ್ನು ಸೈರನ್ ಬಳಿ ಇಟ್ಟು ಪಟ್ಟಿಯಿಂದ ಉದ್ದ ತಂತಿ ಎಳೆದಾಗ, ಪಂಪ್‌ಸೆಟ್ ಆನ್ ಮಾಡಿದಾಗಲೆಲ್ಲ ರಿಲೇ ಮಿಡಿಯುತ್ತಿತ್ತು. ಮೈಕ್ರೋ ಆಂಪ್ ಹರಿಯುವ ಉದ್ದ ತಂತಿ ಆಂಟೆನಾ ಇದ್ದಂತೆ. ಈಗ ಪೆಟ್ಟಿಗೆ ಪಟ್ಟಿಯಿಂದ 2 ಮೀಟರಿನಲ್ಲಿದೆ, ಉದ್ದ ತಂತಿಯಲ್ಲಿ ಹರಿಯುವುದು ಸೈರನ್ ಕರೆಂಟ್. 0.75 ಚದರ ಮಿ.ಮೀ. ತಂತಿ, ಹೋಗಿ ಬರುವ 80 ಮೀಟರಿಗೆ 2 ಓಮ್, ನಷ್ಟ 0.4 ವೋಲ್ಟ್. ಬೇಸಿನಿಂದ ಮೈನಸ್ಸಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸೇರಿಸಿದ್ದು, ಸಣ್ಣಪುಟ್ಟ ಮಿಡಿತ ಅದರಲ್ಲೇ ಇಂಗುತ್ತದೆ.

ಫೆಬ್ರವರಿ 15: ಟಕಟಕ

ಪಟ್ಟಿ ಒಣಗುತ್ತಾ ಗಡಿಯ ಹತ್ತಿರ ಬಂದಾಗ ರಿಲೇ ಟಕಟಕ ಬಡಿದುಕೊಳ್ಳುತ್ತದೆ, ಕಾಂಟ್ಯಾಕ್ಟ್ ಸುಡುತ್ತದೆ. ಪರಿಹಾರ: ರಿಲೇ ಎಳೆದಾಗ ಪ್ಲಸ್ ಸಿಗುವ ಕಾಂಟ್ಯಾಕ್ಟಿನಿಂದ ಮೊದಲ ಬೇಸಿಗೆ ಒಂದು ರೋಧ. ಒಮ್ಮೆ ಎಳೆದ ಮೇಲೆ ಅದೂ ಕೈಜೋಡಿಸುವುದರಿಂದ ಬಿಡುವ ಗಡಿ ದೂರ ಹೋಗುತ್ತದೆ.

ಮೊದಲು 100 ಕಿಲೋ ಓಮ್ ಹಾಕಿದಾಗ ಸೈರನ್ ನಿಲ್ಲಲೇ ಇಲ್ಲ, ಪಟ್ಟಿಯನ್ನು ಬಿಚ್ಚಿ ತೆಗೆದರೂ ಕೂಗು. ಆ ರೋಧವೊಂದೇ 113 ಮೈಕ್ರೋ ಆಂಪ್ ಕೊಡುತ್ತಿತ್ತು, ಬೇಕಾದದ್ದು 57. 470 ಕಿಲೋ ಓಮ್ ಹಾಕಿದರೆ 24 ಮಾತ್ರ ಸಿಗುತ್ತದೆ. ಈಗ 190 ಕಿಲೋ ಓಮ್‌ಗೆ ಎಳೆದು, ಸುಮಾರು 330 ಕಿಲೋ ಓಮ್‌ಗೆ ಬಿಡುತ್ತದೆ.

ನೀರಿಲ್ಲದೆ ಪರೀಕ್ಷಿಸಲು ಪಟ್ಟಿಯ ಜಾಗದಲ್ಲಿ ಬಿಡಿ ರೆಸಿಸ್ಟರ್ ಹಿಡಿದರಾಯಿತು. 220 ಕಿಲೋ ಓಮ್‌ಗೆ ಎಳೆಯಬಾರದು, 180ಕ್ಕೆ ಎಳೆಯಬೇಕು. ಎಳೆದ ಮೇಲೆ 270 ಸೇರಿಸಿ 180 ತೆಗೆದರೆ ಹಿಡಿದೇ ಇರಬೇಕು, 470ಕ್ಕೆ ಬದಲಿಸಿದರೆ ಬಿಡಬೇಕು. ಟ್ರಾನ್ಸಿಸ್ಟರ್ ಬದಲಿಸಿದಾಗಲೆಲ್ಲ ಈ ನಾಲ್ಕೂ ನೋಡಬೇಕು.

ಮಳೆ ಹಿಡಿದುಕೊಂಡಾಗ ಕೂಗು ನಿಲ್ಲಿಸಲು ಸೈರನ್ ತಂತಿಯಲ್ಲಿ ಒಂದು ಸ್ವಿಚ್. ಅದಕ್ಕೂ ಮುಂಚೆ, ಕಾಂಟ್ಯಾಕ್ಟಿನಲ್ಲೇ 1 ಕಿಲೋ ಓಮ್ ಜೊತೆ ಕೆಂಪು ಎಲ್‌ಇಡಿ, ಸದ್ದು ನಿಲ್ಲಿಸಿದರೂ ಅದು ಉರಿಯುತ್ತಿರಲೆಂದು.

ಖರ್ಚು

ಬಿಸಿ 547 ಐದಕ್ಕೆ 15, ಬಿಸಿ 337 ಮೂರಕ್ಕೆ 15, ರಿಲೇ ಎರಡು 60, ಡಯೋಡ್ 10, ರೋಧ ಮತ್ತು ಕೆಪಾಸಿಟರ್ 40, ವೆರೋಬೋರ್ಡ್ 30, ಆಕ್ರಿಲಿಕ್ ಹಾಗೂ ಸ್ಕ್ರೂ 80, ಕಡ್ಡಿ 32, ಸೈರನ್ 220, ಪೆಟ್ಟಿಗೆ 110, ಬ್ಯಾಟರಿ 950, ಚಾರ್ಜರ್ 450, ತಂತಿ 880. ಒಟ್ಟು 2,892 ರೂಪಾಯಿ. ಟ್ರಾನ್ಸಿಸ್ಟರ್‌ಗಳ ಪಾಲು 30, ಅದರಲ್ಲಿ ಸುಟ್ಟವೂ ಸೇರಿವೆ. ಅಡಾಪ್ಟರ್, ಅಲ್ಯೂಮಿನಿಯಂ ತಗಡು ಮನೆಯದೇ.

ಮಾರ್ಚ್ 10: ಈಗಿನ ಸ್ಥಿತಿ

ಮಧ್ಯಾಹ್ನ ಮೂರರ ತುಂತುರಿಗೆ ಸೈರನ್ ಕೂಗಿತು, ಟಾರ್ಪಾಲು ಎಳೆದು ಮುಗಿಸಿದ ಮೇಲೆ ಜೋರು ಮಳೆ ಹಿಡಿಯಿತು. ಬೋರ್ಡಿನ ಸೋಲ್ಡರ್ ಕಡೆಗೆ ಎರಡು ಕೈ ವಾರ್ನಿಷ್ ಬಳಿದಿದೆ. ಮಳೆಗಾಲದ ತೇವದಲ್ಲಿ ಬೋರ್ಡೇ ಸೋರಿದರೆ 57 ಮೈಕ್ರೋ ಆಂಪ್ ಯಾವ ಲೆಕ್ಕ. ಕಡ್ಡಿಗಳ ಮೇಲೆ ಕಣದ ದೂಳು, ಹಕ್ಕಿ ಹಿಕ್ಕೆ ಕೂರುವುದರಿಂದ ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒರೆಸುವ ಮುನ್ನ ಸೈರನ್ ಸ್ವಿಚ್ ಆಫ್ ಮಾಡಬೇಕು.

ಬಾಕಿ ಇರುವುದು ಏಪ್ರಿಲ್‌ನ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಕಾಪಾಡುವ ಕೆಲಸ. ಉದ್ದ ತಂತಿಯ ಎರಡೂ ತುದಿಗೆ ಪ್ಲಗ್ ಹಾಕಿಟ್ಟಿದೆ. ಒಣಗಿಸುವ ಕೆಲಸ ಮುಗಿದ ದಿನವೇ ಅದನ್ನು ಕಿತ್ತು, ಬ್ಯಾಟರಿಯನ್ನು ಮನೆಯೊಳಗೆ ಚಾರ್ಜಿಗಿಡಬೇಕು. ಮಿಕ್ಕ ಬಿಸಿ 547, ಬಿಸಿ 337 ತಲಾ ಒಂದನ್ನು, ಕಾಲಿಗೆ ಕಲೆಕ್ಟರ್–ಬೇಸ್–ಎಮಿಟರ್ ಎಂದು ಚೀಟಿ ಬರೆದು, ಪೆಟ್ಟಿಗೆಯ ಮುಚ್ಚಳದ ಒಳಗೆ ಟೇಪಿನಲ್ಲಿ ಅಂಟಿಸಿದೆ.